ಕಬ್ಬು ಹೋಗಲಿ ಅಂತ ಕಾಯಬೇಡಿ: ಗಂಡಸರ ಎದೆಯ ಗಂಟಿನ ಬಗ್ಗೆ

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಜಮಖಂಡಿ ಹತ್ತಿರ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವ ನಾನು ಈ ಮಾತು ಹೇಳಿದಾಗಲೆಲ್ಲ ಎದುರಿಗಿದ್ದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ಏನ್ ಹೇಳ್ತೀರಿ, ಅದು ಹೆಣ್ಮಕ್ಕಳಿಗೆ ಬರೂದಲ್ರಿ?" ಅಂತ ಕೇಳುತ್ತಾರೆ. ಓದಿದವರೂ ಹಾಗೇ ಕೇಳುತ್ತಾರೆ. ಶಾಲೆ ಮಾಸ್ತರರೂ, ಬ್ಯಾಂಕಿನವರೂ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಪರೂಪದ ಕಾಯಿಲೆ ಅನ್ನೋದು ನಿಜ. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಗಂಡಸರು ಹೆಚ್ಚು ಕಡಿಮೆ ಒಬ್ಬರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2024ನೇ ವರ್ಷಕ್ಕೆ ಹಾಕಿದ ಅಂದಾಜು ನೋಡಿ: ಆ ಒಂದೇ ದೇಶದಲ್ಲಿ, ಒಂದೇ ವರ್ಷದಲ್ಲಿ 2,790 ಗಂಡಸರಿಗೆ ಹೊಸದಾಗಿ ಈ ಕಾಯಿಲೆ, 530 ಗಂಡಸರ ಸಾವು. ಅವರ ಲೆಕ್ಕದ ಪ್ರಕಾರ ಇಡೀ ಆಯುಷ್ಯದಲ್ಲಿ 726 ಗಂಡಸರಲ್ಲಿ ಒಬ್ಬರಿಗೆ ಇದು ಬರಬಹುದು. ನಮ್ಮ ಕಡೆ ಒಂದು ದೊಡ್ಡ ಮದುವೆಗೆ ಅದಕ್ಕಿಂತ ಜಾಸ್ತಿ ಗಂಡಸರು ಊಟಕ್ಕೆ ಕೂಡುತ್ತಾರೆ. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತ ನಾವು ತಿಳಿದುಕೊಂಡಿದ್ದೇವೆ, ತೊಂದರೆ ಶುರುವಾಗುವುದೇ ಅಲ್ಲಿಂದ.

ಗಂಡಸಿಗೆ ಎಲ್ಲಿಂದ ಬರುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟು. ಹುಟ್ಟಿದಾಗ ಗಂಡು ಕೂಸಿಗೂ ಹೆಣ್ಣು ಕೂಸಿಗೂ ಎದೆಯ ಒಳಗಿನ ರಚನೆ ಒಂದೇ ಥರ. ಮೊಲೆತೊಟ್ಟಿನ ಹಿಂದೆ ಸಣ್ಣ ಸಣ್ಣ ನಾಳಗಳು ಇಬ್ಬರಿಗೂ ಇರುತ್ತವೆ. ದೊಡ್ಡವರಾಗುವಾಗ ಹುಡುಗಿಯರಲ್ಲಿ ಅವು ಬೆಳೆಯುತ್ತವೆ, ಹುಡುಗರಲ್ಲಿ ಅಲ್ಲೇ ನಿಂತುಬಿಡುತ್ತವೆ. ನಿಂತರೂ ಇರುವುದು ಇದ್ದೇ ಇರುತ್ತದೆ, ಅಲ್ವಾ? ಗಂಡಸರ ಸ್ತನ ಕ್ಯಾನ್ಸರ್ ಬಹುತೇಕ ಆ ನಾಳಗಳಲ್ಲೇ ಶುರುವಾಗುತ್ತದೆ. ನಮ್ಮ ಎದೆಯಲ್ಲಿ ಆ ಭಾಗ ತೀರಾ ತೆಳು. ಹಾಗಾಗಿ ಸಣ್ಣ ಗಂಟಾದರೂ ಬೆರಳಿಗೆ ಬೇಗ ಸಿಗಬೇಕು. ಆದರೆ ಅದೇ ಕಾರಣಕ್ಕೆ ಗಂಟು ಮೇಲಿನ ಚರ್ಮಕ್ಕೋ, ಹಿಂದಿನ ಸ್ನಾಯುವಿಗೋ ತಲುಪಲಿಕ್ಕೂ ದೂರ ಇಲ್ಲ. ಬೇಗ ಸಿಗಬೇಕಾದದ್ದು ನಮ್ಮಲ್ಲಿ ಹೆಂಗಸರಿಗಿಂತ ತಡವಾಗಿ ಸಿಗುತ್ತಿದೆ, ಯಾಕೆಂದರೆ ಯಾರೂ ಅದನ್ನು ಹುಡುಕುತ್ತಿಲ್ಲ, ಸಿಕ್ಕರೂ ತೋರಿಸುತ್ತಿಲ್ಲ.

ನಮ್ಮ ಅಂಗಡಿಗೆ ಬರುವ ಒಬ್ಬ ಕಾಕಾ ಇದ್ದಾರೆ. ಹೊಳೆ ಸಾಲಿನ ಊರಿನವರು, ಅರವತ್ತು ದಾಟಿದೆ, ನಾಲ್ಕೆಕರೆ ಕಬ್ಬು. ಹೆಸರು ಹಾಕದೆ ಬರೆಯಲು ಒಪ್ಪಿದ್ದಾರೆ. ಒಂದು ಮಧ್ಯಾಹ್ನ ಬಂದು ಕೌಂಟರಿನ ಬದಿಗೆ ನಿಂತರು. ಹೆಂಗಸರು ಇಬ್ಬರು ಔಷಧ ತಗೊಂಡು ಹೋಗುವವರೆಗೂ ಏನೂ ಕೇಳಲಿಲ್ಲ. ಆಮೇಲೆ ಮೆಲ್ಲಗೆ, "ತಮ್ಮಾ, ಗಂಟ ಕರಗೂ ಮುಲಾಮ ಇದ್ರ ಕೊಡು" ಅಂದರು. ಎಲ್ಲಿ ಗಂಟು ಅಂದರೆ ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಬಿಳಿ ಬನಿಯನ್ನಿನ ಎಡಗಡೆ ಎಂಟಾಣೆ ಅಗಲದ ಕಲೆ ಇತ್ತು, ಅಂಚಿನಲ್ಲಿ ಕಂದು, ನಡುವೆ ಹಸಿ ಕೆಂಪು. ಬನಿಯನ್ ಎತ್ತಿದಾಗ ಆ ಕಡೆಯ ತೊಟ್ಟು ಒಳಗೆ ಸೇದಿಕೊಂಡಿತ್ತು. ಇನ್ನೊಂದು ಕಡೆಯದು ಸರಿ ಇತ್ತು. "ಎಷ್ಟ ದಿನ ಆತ್ರಿ ಕಾಕಾ?" ಅಂತ ಕೇಳಿದೆ. ದಸರೆ ಹೊತ್ತಿಗೇ ಗಂಟು ಕೈಗೆ ಹತ್ತಿತ್ತಂತೆ. ಅವರು ಅಂಗಡಿಗೆ ಬಂದದ್ದು ಯುಗಾದಿ ಆದ ಮೇಲೆ.

ನಡುವೆ ಏನಾಯಿತು ಅಂತ ಕೇಳಿದರೆ ನಮ್ಮ ಕಡೆಯ ಯಾರಾದರೂ ಊಹಿಸಬಹುದು. ಮೊದಲು, ಟ್ರ್ಯಾಕ್ಟರಿನ ಕಬ್ಬಿಣ ಬಡಿದಿರಬೇಕು ಅಂತ ಸುಮ್ಮನಾದರು. ಆಮೇಲೆ ಯಾರೋ ಹೇಳಿದರು ಅಂತ ಸುಣ್ಣ ಬೆಲ್ಲ ಹಚ್ಚಿದರು. ಅದಾದ ಮೇಲೆ ಪಕ್ಕದ ಊರಿನಲ್ಲಿ ಗಿಡಮೂಲಿಕೆ ಲೇಪ ಹಾಕುವವರ ಹತ್ತಿರ ಅಮಾವಾಸ್ಯೆಗೊಮ್ಮೆ ಹೋಗಿ ಬಂದರು. ಒಬ್ಬ ಡಾಕ್ಟರಿಗೂ ತೋರಿಸಿದ್ದರು. ಅವರು ಮುಟ್ಟಿಯೂ ನೋಡದೆ, ಕೊಬ್ಬಿನ ಗಂಟು, ಏನಾಗಲ್ಲ ಅಂತ ನೋವಿನ ಗುಳಿಗೆ ಬರೆದು ಕಳಿಸಿದ್ದರು. ಮನೆಯಲ್ಲಿ ಕಾಕಿ ಬೇರೆ ಡಾಕ್ಟರಿಗೆ ತೋರಿಸೋಣ ಅಂತ ಹಟ ಹಿಡಿದಾಗ ಕಾಕಾ ಹೇಳಿದ್ದು ಒಂದೇ ಮಾತು: "ಕಬ್ಬ ಹೋಗ್ಲಿ, ಬಿಲ್ ಬರ್ಲಿ, ಆಮ್ಯಾಲ ನೋಡೂಣು." ಕಬ್ಬು ಕಡಿಯಲು ಗ್ಯಾಂಗ್ ಸಿಗುವುದು ತಡವಾಯಿತು, ಫ್ಯಾಕ್ಟರಿ ಬಿಲ್ಲೂ ತಡವಾಯಿತು. ನೋವು ಇರಲಿಲ್ಲ, ಅದೇ ಅವರಿಗೆ ಧೈರ್ಯ ಕೊಟ್ಟಿತ್ತು. ನೋವಿಲ್ಲದ ಗಂಟು ಅಂದರೆ ಏನೂ ಇಲ್ಲ ಅಂತ ನಮ್ಮ ಜನ ತಿಳಿಯುತ್ತಾರೆ. ಈ ಕಾಯಿಲೆಯಲ್ಲಿ ಬಹಳಷ್ಟು ಗಂಟುಗಳು ನೋಯುವುದೇ ಇಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಮುಲಾಮು ಕೊಡಲಿಲ್ಲ. ಅವರ ಮಗನಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಆ ವಾರವೇ ದೊಡ್ಡ ಆಸ್ಪತ್ರೆಗೆ ಹೋದರು.

ಮ್ಯಾಮೊಗ್ರಾಫಿ, ಅಂದರೆ ಎದೆಯ ಗಂಟು ನೋಡುವ ಎಕ್ಸರೇ ತೆಗೆಯುವ ಕೋಣೆಯ ಹೊರಗೆ ಕುರ್ಚಿಗಳ ತುಂಬ ಹೆಂಗಸರೇ ಕೂತಿದ್ದರಂತೆ. ಒಳಗಿನಿಂದ ಬಂದ ಹುಡುಗಿ ಚೀಟಿ ನೋಡಿ ಕಾಕಿಯ ಕಡೆ ತಿರುಗಿ "ಬರ್ರಿ ಅಕ್ಕಾರ, ಒಳಗ" ಅಂದಳಂತೆ. ಕಾಕಿ "ನಾ ಅಲ್ಲವಾ, ಇವ್ರು" ಅಂದಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದು, ಆ ಒಂದು ಗಳಿಗೆ ಕಾಕಾಗೆ ಆಪರೇಷನ್ನಿಗಿಂತ ಕಷ್ಟ ಆಯಿತಂತೆ. ಎದ್ದು ಹೊರಗೆ ಹೋಗಿಬಿಡಬೇಕು ಅನಿಸಿತಂತೆ. ಕಾಕಿ ಕೈ ಹಿಡಿದು ಕೂರಿಸಿದರು. ಆ ಹೆಣ್ಣುಮಗಳು ಅವತ್ತು ಕೈ ಹಿಡಿಯದಿದ್ದರೆ ಏನಾಗುತ್ತಿತ್ತೋ ನನಗೆ ಯೋಚಿಸಲೂ ಭಯ ಆಗುತ್ತದೆ.

ಹೋಗುವವರಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ: ಮ್ಯಾಮೊಗ್ರಾಂ ಗಂಡಸರಿಗೂ ಆಗುತ್ತದೆ, ಮಷೀನು ಅದೇ. ಜೊತೆಗೆ ಎದೆಯದ್ದೂ ಬಗಲಿನದ್ದೂ ಸೋನೋಗ್ರಾಫಿ ಮಾಡುತ್ತಾರೆ. ಕೊನೆಗೆ ಬಯಾಪ್ಸಿ, ಅಂದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಗಂಟಿನ ಸಣ್ಣ ತುಣುಕು ತೆಗೆದು ಲ್ಯಾಬಿಗೆ ಕಳಿಸುವುದು. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಖಾತ್ರಿಯಾಗಿ ಹೇಳುವುದು ಈ ಬಯಾಪ್ಸಿಯೇ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹಬ್ಬುತ್ತದೆ" ಅನ್ನೋ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಆ ಭಯಕ್ಕೆ ಬಯಾಪ್ಸಿ ಬೇಡ ಅಂತ ವಾಪಸ್ ಬಂದವರನ್ನು ನಾನು ನೋಡಿದ್ದೇನೆ. ಆ ಮಾತು ಸುಳ್ಳು. ಪರೀಕ್ಷೆ ಬಿಟ್ಟು ಮನೆಯಲ್ಲಿ ಕೂತರೆ ಕಾಯಿಲೆ ತಾನಾಗಿಯೇ ಹಬ್ಬುತ್ತದೆ.

ಹಾಗಂತ ಎದೆಯಲ್ಲಿ ಏನು ಕಂಡರೂ ಕ್ಯಾನ್ಸರ್ ಅಂತ ಹೆದರಬೇಡಿ. ಇದನ್ನು ಮುಖ್ಯವಾಗಿ ಹುಡುಗರಿಗೆ ಹೇಳುತ್ತಿದ್ದೇನೆ, ಯಾಕೆಂದರೆ ವಾಟ್ಸಾಪಿನಲ್ಲಿ ಗಾಬರಿಯಿಂದ ಫೋಟೋ ಕಳಿಸುವವರು ಅವರೇ ಜಾಸ್ತಿ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ತೊಟ್ಟಿನ ಕೆಳಗೆ ಮೆತ್ತಗೆ ಊದಿಕೊಳ್ಳುವುದು, ಮುಟ್ಟಿದರೆ ನೋಯುವುದು ಬಹಳ ಸಾಮಾನ್ಯ, ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಡಾಕ್ಟರುಗಳು ಅದನ್ನು ಗೈನಕೊಮಾಸ್ಟಿಯಾ ಅನ್ನುತ್ತಾರೆ. ವಯಸ್ಸಾದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಕೆಲವು ಔಷಧಗಳಿಂದಲೂ ಆಗುತ್ತದೆ: ಹೃದಯಕ್ಕೆ, ಲಿವರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟೆರೈಡ್ ಇಂಥವು. ಬಾಡಿ ಬಿಲ್ಡಿಂಗ್ ಮಾಡುವ ಹುಡುಗರು ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಚುಚ್ಚಿಕೊಂಡು ಎದೆ ಊದಿಸಿಕೊಳ್ಳುವುದೂ ಇದೇ ಸಾಲಿನದ್ದು, ಅದನ್ನು ಮೊದಲು ನಿಲ್ಲಿಸಿ.

ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಮುಟ್ಟಿದರೆ ಹುಣಸೆ ಬೀಜದ ಹಾಗೆ ಗಟ್ಟಿ. ತೊಟ್ಟಿನ ಕೆಳಗೋ, ಸ್ವಲ್ಪ ಬದಿಗೋ ಸಿಗುತ್ತದೆ, ಬೆಳೆದ ಮೇಲೆ ಸರಿಸಿದರೂ ಸರಿಯುವುದಿಲ್ಲ. ತೊಟ್ಟು ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು, ಅಲ್ಲಿನ ಚರ್ಮ ಕುಳಿ ಬೀಳುವುದು, ಕೆಂಪಾಗುವುದು, ಮಾಯದ ಹುಣ್ಣು, ಬಗಲಿನಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ಬರೀ ಬೆರಳಿನಿಂದ ಮುಟ್ಟಿ ಇದು ಅದೇ, ಇದು ಅದಲ್ಲ ಅಂತ ನೀವೂ ತೀರ್ಮಾನಿಸಬೇಡಿ, ನಾನೂ ತೀರ್ಮಾನಿಸುವುದಿಲ್ಲ. ಸರ್ಜನ್ ನೋಡಲಿ.

ಯಾರಿಗೆ ಜಾಸ್ತಿ ಬರುತ್ತದೆ? ವಯಸ್ಸು ಮೊದಲ ಕಾರಣ, ಹೆಚ್ಚಿನವರಿಗೆ ಗೊತ್ತಾಗುವುದು ಅರವತ್ತರ ಆಚೆ. ಹೆಂಗಸರ ಹಾರ್ಮೋನ್ ಅಂತ ನಾವು ಕರೆಯುವ ಈಸ್ಟ್ರೋಜನ್ ಗಂಡಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಬೊಜ್ಜು ಹೆಚ್ಚಾದರೆ ಅದು ಹೆಚ್ಚುತ್ತದೆ, ಕುಡಿದು ಲಿವರ್ ಹಾಳಾದರೆ ಅದನ್ನು ಹೊರಹಾಕುವ ಕೆಲಸ ನಿಧಾನವಾಗುತ್ತದೆ. ಕ್ಲೈನ್‌ಫೆಲ್ಟರ್ ಅನ್ನೋ ಹುಟ್ಟಿನಿಂದ ಬರುವ ಸ್ಥಿತಿ ಇದ್ದವರಿಗೆ ಅಪಾಯ ಹಲವು ಪಟ್ಟು. ಬೇರೆ ಕಾಯಿಲೆಗೆ ಎದೆಗೆ ರೇಡಿಯೇಷನ್ ಕೊಡಿಸಿಕೊಂಡವರೂ ಎಚ್ಚರವಾಗಿರಬೇಕು.

ಇವೆಲ್ಲಕ್ಕಿಂತ ನಮ್ಮ ಮನೆಗಳಲ್ಲಿ ಮಾತಾಡಲೇಬೇಕಾದದ್ದು ವಂಶದ ವಿಷಯ. ಬಿಆರ್‌ಸಿಎ2 ಅಂತ ಒಂದು ಜೀನ್ (ವಂಶವಾಹಿ) ಇದೆ. ಅದರಲ್ಲಿ ದೋಷ ಇರುವ ಗಂಡಸರಲ್ಲಿ ನೂರಕ್ಕೆ ಸುಮಾರು ಏಳು ಜನರಿಗೆ ಆಯುಷ್ಯದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳ ಅಪಾಯವೂ ಅವರಿಗೆ ಹೆಚ್ಚು. ಆ ದೋಷ ಅಪ್ಪನಿಂದಲೂ ಬರುತ್ತದೆ, ಅವ್ವನಿಂದಲೂ ಬರುತ್ತದೆ. ಮಗನಿಗಾಗಲಿ ಮಗಳಿಗಾಗಲಿ ಬರುವ ಸಂಭವ ಅರ್ಧಕ್ಕರ್ಧ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ "ನಿಮ್ಮವ್ವಗ ಇತ್ತೇನು, ನಿಮ್ಮ ಚಿಗವ್ವಗ ಇತ್ತೇನು" ಅಂತ ಕೇಳುತ್ತಾರೆ. ಅಪ್ಪನ ಕಡೆಯ ಅತ್ತೆಗೆ ಇತ್ತಾ, ಅಜ್ಜಿಗೆ ಇತ್ತಾ ಅಂತ ಕೇಳುವವರು ಕಡಿಮೆ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆ ಮಗನಿಗೆ ಕೊಡುವುದು ಇನ್ನೂ ಇದೆ, ಹಾಗಾಗಿ ಗಂಡ ಹೆಂಡತಿ ಇಬ್ಬರ ಕಡೆಯೂ ಒಂದೇ ಮನೆತನದ ರಕ್ತ ಇರುತ್ತದೆ. ಗಂಡಸಿಗೆ ಸ್ತನ ಕ್ಯಾನ್ಸರ್ ಬಂತು ಅಂದರೆ ಆ ಮನೆಯ ಅಕ್ಕ ತಂಗಿಯರು, ಹೆಣ್ಣುಮಕ್ಕಳು, ಅಣ್ಣ ತಮ್ಮಂದಿರು ಎಲ್ಲರೂ ಡಾಕ್ಟರ ಜೊತೆ ಜೀನ್ ಪರೀಕ್ಷೆಯ ಬಗ್ಗೆ ಮಾತಾಡಬೇಕು. ಮುಚ್ಚಿಟ್ಟರೆ ಅವರಿಗೆ ಸಿಗಬೇಕಾದ ಎಚ್ಚರಿಕೆಯನ್ನೇ ಕಿತ್ತುಕೊಂಡ ಹಾಗೆ. ಮದುವೆಗೆ ಬಂದ ಮಗಳಿದ್ದಾಳೆ, ಸಂಬಂಧ ತಪ್ಪುತ್ತದೆ ಅಂತ ಮುಚ್ಚಿಡುವ ಮನೆಗಳಿವೆ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕಡೇಪಕ್ಷ ಆ ಮಗಳಿಗಾದರೂ ಹೇಳಿ.

ಅಮೆರಿಕದ ಹಾಡುಗಾರ್ತಿ ಬಿಯಾನ್ಸೆಯ ಹೆಸರು ನಿಮ್ಮ ಮನೆಯ ಕಾಲೇಜು ಹುಡುಗರಿಗೆ ಗೊತ್ತಿರುತ್ತದೆ. ಅವಳ ತಂದೆ ಮ್ಯಾಥ್ಯೂ ನೋಲ್ಸ್ ತಮಗೆ ಸ್ತನ ಕ್ಯಾನ್ಸರ್ ಆಗಿದೆ ಅಂತ 2019ರ ಅಕ್ಟೋಬರಿನಲ್ಲಿ ಟಿವಿಯಲ್ಲೇ ಹೇಳಿದರು. ಅವರಿಗೆ ಗೊತ್ತಾದದ್ದು ಹೇಗೆ ಅಂತ ಓದಿದಾಗ ನನಗೆ ನಮ್ಮ ಕಾಕಾನೇ ಕಣ್ಣ ಮುಂದೆ ಬಂದರು. ಬಿಳಿ ಟೀ ಶರ್ಟಿನ ಮೇಲೆ ಒಂದು ಚುಕ್ಕೆ ರಕ್ತ. ಮರುದಿನವೂ ಅದೇ ಜಾಗದಲ್ಲಿ. ಹಾಸಿಗೆಯ ಚಾದರಿನ ಮೇಲೂ ಅಂಥದ್ದೇ ಚುಕ್ಕೆ ಅವರ ಹೆಂಡತಿಗೆ ಕಂಡಿತ್ತು. ಆ ಮನುಷ್ಯ ಹಿಂದೆ ಜೆರಾಕ್ಸ್ ಕಂಪನಿಯಲ್ಲಿ ಸ್ತನ ಪರೀಕ್ಷೆಯ ಎಕ್ಸರೇ ಸಲಕರಣೆಗಳನ್ನೇ ಮಾರುತ್ತಿದ್ದರು, ಅದಕ್ಕೇ ತಡ ಮಾಡದೆ ಓಡಿದರು. ಆಪರೇಷನ್ ಆಯಿತು, ಬಿಆರ್‌ಸಿಎ2 ದೋಷ ಇದೆ ಅಂತಲೂ ಗೊತ್ತಾಯಿತು, ಮಕ್ಕಳಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಹೇಳಿದರು. ಅಷ್ಟು ಹೆಸರಿರುವ ಮನೆಯ ಮನುಷ್ಯ ನಾಚಿಕೆ ಬಿಟ್ಟು ಊರಿಗೆಲ್ಲ ಹೇಳಿದ್ದಕ್ಕೆ ನನಗೆ ಅವರ ಮೇಲೆ ಬಹಳ ಗೌರವ. ಅದೇ ದೇಶದಲ್ಲಿ ಅಕ್ಟೋಬರ್ 17ರಿಂದ 23ರವರೆಗಿನ ವಾರವನ್ನು ಗಂಡಸರ ಸ್ತನ ಕ್ಯಾನ್ಸರ್ ಜಾಗೃತಿಗೆ ಇಟ್ಟಿದ್ದಾರೆ.

ನಮ್ಮಲ್ಲಿ ಅಕ್ಟೋಬರ್ ಬಂದರೆ ಪಿಂಕ್ ಟೀ ಶರ್ಟಿನ ಜಾಥಾ ನಡೆಯುತ್ತದೆ, ಒಳ್ಳೆಯದೇ, ಇನ್ನೂ ನಡೆಯಲಿ. ಬ್ಯಾನರಿನ ಮೂಲೆಯಲ್ಲಿ ಒಂದು ಸಾಲು ಗಂಡಸರಿಗೂ ಬರೆಯಿರಿ ಅಂತ ನನ್ನ ಕೋರಿಕೆ. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಗೆ ಅಂತ 30 ವರ್ಷ ಮೇಲ್ಪಟ್ಟವರ ಹತ್ತಿರ ತುಂಬಿಸುವ ಒಂದು ಫಾರಂ ಇದೆ. ಅದರಲ್ಲಿ ಬಾಯಿ ಹುಣ್ಣು, ಕೆಮ್ಮಿನ ಪ್ರಶ್ನೆಗಳು ಇಬ್ಬರಿಗೂ ಇವೆ. ಸ್ತನದ ಗಂಟು, ತೊಟ್ಟಿನಿಂದ ರಕ್ತ, ಈ ಪ್ರಶ್ನೆಗಳು ಹೆಂಗಸರಿಗೆ ಮಾತ್ರ. ಎಲ್ಲ ಗಂಡಸರಿಗೂ ಮ್ಯಾಮೊಗ್ರಾಂ ಮಾಡಿಸಿ ಅಂತ ನಾನು ಕೇಳುತ್ತಿಲ್ಲ, ಅದರ ಅಗತ್ಯವೂ ಇಲ್ಲ. "ಎದ್ಯಾಗ ಗಂಟ ಗಿಂಟ ಏನರೆ ಐತೇನ್ರಿ ಅಣ್ಣಾರ?" ಅನ್ನೋ ಒಂದು ಪ್ರಶ್ನೆಗೆ ಖರ್ಚೇನಿದೆ? ನಮ್ಮ ಗಂಡಸರು ಅಂಗಿ ಬಿಚ್ಚಲು ನಾಚುವವರಲ್ಲ. ಹೊಳೆಯಲ್ಲಿ ಈಸುತ್ತಾರೆ, ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಬರಿಮೈಯಲ್ಲಿ ಮಲಗುತ್ತಾರೆ, ತಾಲೀಮಿನಲ್ಲಿ ಪೈಲ್ವಾನರು ದಿನಾ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಹಾಗೆ ಎಣ್ಣೆ ತಿಕ್ಕುವಾಗ, ಸ್ನಾನದಲ್ಲಿ ಸಾಬೂನು ಹಚ್ಚುವಾಗ ಬೆರಳನ್ನು ತೊಟ್ಟಿನ ಸುತ್ತ, ಬಗಲಿನವರೆಗೆ ಒಮ್ಮೆ ಆಡಿಸಿದರೆ ಸಾಕು. ಜಾತ್ರೆಯ ಕುಸ್ತಿ ಕಣದ ಹತ್ತಿರ, ಕಿತ್ತೂರು ಉತ್ಸವದಲ್ಲಿ, ಕಟಿಂಗ್ ಅಂಗಡಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರೂ ಎಷ್ಟೋ ಜನ ಓದುತ್ತಾರೆ. ಮನೆಯಲ್ಲಿ ಬಟ್ಟೆ ಒಗೆಯುವ ಅಕ್ಕಂದಿರಿಗೂ ಹೇಳುತ್ತೇನೆ. ಬನಿಯನ್ನಿನ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಲೆ ಕಂಡರೆ ಕೇಳಿ, ಬಿಡಬೇಡಿ.

ಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಡಾಕ್ಟರ ಕೆಲಸ. ಸಾಮಾನ್ಯವಾಗಿ ಆ ಕಡೆಯ ಎದೆಯ ಭಾಗ ಪೂರ್ತಿ ತೆಗೆಯುತ್ತಾರೆ, ಬಗಲಿನ ಗ್ರಂಥಿಗೆ ಹೋಗಿದೆಯಾ ನೋಡುತ್ತಾರೆ, ಬೇಕಾದರೆ ಕಿಮೋ, ಕರೆಂಟು (ರೇಡಿಯೇಷನ್) ಕೊಡುತ್ತಾರೆ. ಕಾಕಾಗೆ ಬಗಲಿಗೂ ಹೋಗಿತ್ತು, ಎಲ್ಲವನ್ನೂ ಕೊಟ್ಟರು. ನನ್ನ ಕೌಂಟರಿಗೆ ಬರುವುದು ಕೊನೆಯ ಗುಳಿಗೆ, ಟ್ಯಾಮಾಕ್ಸಿಫೆನ್. ಗಂಡಸರ ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಹಾರ್ಮೋನಿನಿಂದ ಬೆಳೆಯುವಂಥವು, ಹಾಗಾಗಿ ಈ ಗುಳಿಗೆಯನ್ನು ದಿನಕ್ಕೊಂದರಂತೆ ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ. ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವುದರಿಂದ ಬೆಲೆಯ ಮೇಲೆ ನಿಯಂತ್ರಣ ಇದೆ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರುವುದು, ಹೆಂಡತಿಯ ಹತ್ತಿರ ಮನಸ್ಸಾಗದಿರುವುದು, ಮನಸ್ಸು ಕುಗ್ಗುವುದು, ಇವು ಈ ಗುಳಿಗೆಯಿಂದ ಕೆಲವರಿಗೆ ಆಗುತ್ತವೆ. ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಡಾಕ್ಟರಿಗೆ ಹೇಳಿ, ಹೇಳಿದರೆ ದಾರಿ ಇರುತ್ತದೆ. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಹಿಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಗುಳಿಗೆಗಳು ಟ್ಯಾಮಾಕ್ಸಿಫೆನ್ ಕೆಲಸವನ್ನು ಕಡಿಮೆ ಮಾಡುತ್ತವೆ, ಹಾಗಾಗಿ ಬೇರೆ ಯಾವ ಔಷಧ ಶುರು ಮಾಡುವಾಗಲೂ ಇದನ್ನು ತಗೊಳ್ಳುತ್ತಿದ್ದೇನೆ ಅಂತ ಹೇಳಿ.

ಕಾಕಾ ಈಗ ಹೊಲಕ್ಕೆ ಹೋಗುತ್ತಾರೆ. ತಪಾಸಣೆ ತಪ್ಪಿಸುವುದಿಲ್ಲ. ಅವರ ಮಗಳೂ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನೋದು. ಬೆಳಗಾವಿಯಲ್ಲಿ ಕೆಎಲ್ಇಯವರ ಕ್ಯಾನ್ಸರ್ ಆಸ್ಪತ್ರೆ ಇದೆ, 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬಂದು ಉದ್ಘಾಟಿಸಿದ್ದರು. ಹುಬ್ಬಳ್ಳಿಯ ನವನಗರದಲ್ಲಿ ಹಳೆಯ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ. ಗಂಟು ಏನು ಅಂತ ಮೊದಲು ನೋಡಿಸಲು ಅಷ್ಟು ದೂರ ಹೋಗಬೇಕಿಲ್ಲ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕಾಲೇಜುಗಳಲ್ಲಿ ಸರ್ಜರಿ ವಿಭಾಗ ಇದೆ. ದುಡ್ಡಿನ ಚಿಂತೆ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇಕಡಾ 30ರಷ್ಟು ಕೊಡುತ್ತಾರೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆ ಸಿಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ತಗೊಳ್ಳಬೇಕು, ಇದನ್ನು ಬಿಟ್ಟು ನೇರ ಹೋಗಿ ಪರದಾಡುವವರು ಬಹಳ. ರೇಷನ್ ಕಾರ್ಡು, ಆಧಾರ್ ಇಟ್ಟುಕೊಳ್ಳಿ. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಪಟ್ಟಿಗಳು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿದ್ದರೆ ಅವರ ಕಾಗದಗಳು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ.